ಹದಿನೆಂಟರಿಂದ ಇಪ್ಪತ್ತೈದು: ಯುವಮನಸ್ಸಿನ ಚಿಕಿತ್ಸೆಯ ಇತಿಹಾಸ

1875ರ ಕಾಯಿದೆಯ ಪ್ರಕಾರ ನಮ್ಮ ದೇಶದಲ್ಲಿ 18 ತುಂಬಿದವರು ಪ್ರಾಪ್ತ ವಯಸ್ಕರು. ಕಾನೂನಿಗೆ ಒಂದು ತಾರೀಖು ಸಾಕು, ಮನಸ್ಸಿಗೆ ಸಾಲದು. ಗೆಜ್ಜಲಗೆರೆಯನ್ನೇ ನೋಡಿ. ಹಾಲಿನ ಡೈರಿ, ಕೈಗಾರಿಕಾ ಪ್ರದೇಶ, ಮಂಡ್ಯ–ಮದ್ದೂರಿನ ಕಾಲೇಜುಗಳಿಗೆ ಓಡುವ ಬಸ್ಸುಗಳು. ಓದೋ ದುಡಿಮೆಯೋ ಎಂಬ ಗೊಂದಲದಲ್ಲಿರುವ ಹುಡುಗನಿಗೆ ನಿದ್ದೆ ಕೆಟ್ಟರೆ, ಹುಡುಗಿಯೊಬ್ಬಳು ಮಾತು ಬಿಟ್ಟು ಮೂಲೆ ಹಿಡಿದರೆ ಹಿರಿಯರಿಗೆ ಮೊದಲು ನೆನಪಾಗುವುದು ನಜರ್, ತಾಯತ. ಆಮೇಲೆ, ಮದುವೆಯಾದರೆ ಸರಿಹೋಗುತ್ತದೆಂಬ ಸಮಾಧಾನ. ವೈದ್ಯರ ಸರದಿ ಕಡೆಗೆ. ದುಆ ಬೇಡವೆಂದು ಯಾರೂ ಹೇಳುತ್ತಿಲ್ಲ. ಆದರೆ ಮನಸ್ಸಿಗೂ ಚಿಕಿತ್ಸೆಯುಂಟು ಎಂಬುದು ನಮಗೆ ಹೊರಗಿನಿಂದ ಬಂದ ವಿಚಾರವೇನಲ್ಲ.

ನಮ್ಮ ಫಿಕ್‌ಹ್ ಶಾಸ್ತ್ರದಲ್ಲಿ ಬುಲೂಗ್ ಬೇರೆ, ರುಶ್ದ್ ಬೇರೆ. ಮೊದಲನೆಯದು ದೇಹದ ಪ್ರಾಯ, ಎರಡನೆಯದು ವಿವೇಕದ ಪಕ್ವತೆ. ಅನಾಥರ ಆಸ್ತಿಯನ್ನು ಅವರಿಗೆ ಒಪ್ಪಿಸುವ ಮೊದಲು ಅವರನ್ನು ಪರೀಕ್ಷಿಸಿ, ರುಶ್ದ್ ಕಂಡ ಮೇಲೆ ಕೊಡಬೇಕೆಂಬುದು ಸೂರಾ ಅನ್ನಿಸಾದ 6ನೇ ಆಯತ್ತಿನ ಆದೇಶ. ರುಶ್ದ್ ಕಾಣದಿದ್ದರೆ 25 ವರ್ಷದವರೆಗೆ ಕಾಯಬಹುದು, ಅನಂತರ ತಡೆಯುವಂತಿಲ್ಲ ಎಂದರು ಇಮಾಮ್ ಅಬೂ ಹನೀಫಾ. ಅವರು ತೀರಿಕೊಂಡದ್ದು ಕ್ರಿ.ಶ. 767ರಲ್ಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆಫ್ರಿ ಆರ್ನೆಟ್ 18ರಿಂದ 25ರವರೆಗಿನ ಕಾಲವನ್ನು ಬಾಲ್ಯವೂ ಅಲ್ಲದ, ಪೂರ್ಣ ಪ್ರೌಢತೆಯೂ ಅಲ್ಲದ ಪ್ರತ್ಯೇಕ ಘಟ್ಟವೆಂದು ಮಂಡಿಸಿದ್ದು 2000ದಲ್ಲಿ! ಆಸ್ತಿಯ ಪ್ರಶ್ನೆಯೂ ಮನಸ್ಸಿನ ಪ್ರಶ್ನೆಯೂ ಒಂದೇ ಅಲ್ಲ, ನಿಜ. ಆದರೂ ಪ್ರಾಯಕ್ಕೆ ಬಂದವರಿಗೆ ಇನ್ನೂ ಕೆಲಕಾಲ ಆಸರೆ ಬೇಕಾಗಬಹುದೆಂಬ ಅರಿವು ಎರಡರಲ್ಲೂ ಇದೆ.

ಚಿಕಿತ್ಸೆಯ ವಿಷಯಕ್ಕೆ ಬಂದರೆ ಅಬೂ ಝೈದ್ ಅಲ್-ಬಲ್ಖಿ (ಸುಮಾರು 850–934) ಅವರನ್ನು ನೆನೆಯಲೇಬೇಕು. ದೇಹ ಮತ್ತು ಮನಸ್ಸುಗಳ ಆರೋಗ್ಯದ ಬಗ್ಗೆ ಅವರು ಬರೆದ ಗ್ರಂಥದ ಎರಡನೆಯ ಭಾಗ ಪೂರ್ತಿ ಮನಸ್ಸಿಗೆ ಮೀಸಲು. ಕೋಪ, ಭಯ, ದುಃಖ, ವಸ್‌ವಾಸ್ ಎಂದು ನಾಲ್ಕು ಬಗೆಯ ತೊಂದರೆಗಳನ್ನು ಅವರು ವಿವರಿಸುತ್ತಾರೆ. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ಕಾಣದ ದುಃಖ ಬೇರೆ ಎಂದು ವಿಂಗಡಿಸುತ್ತಾರೆ. ಮನೆಯಲ್ಲಿ ಔಷಧಿ ಇಟ್ಟುಕೊಳ್ಳುವಂತೆ, ಮನಸ್ಸು ನೆಮ್ಮದಿಯಾಗಿದ್ದಾಗಲೇ ಒಳ್ಳೆಯ ವಿಚಾರಗಳನ್ನು ಕೂಡಿಟ್ಟುಕೊಂಡು ಕಷ್ಟಕಾಲದಲ್ಲಿ ಬಳಸಬೇಕೆಂಬುದು ಅವರ ಸಲಹೆ. ಇಂದಿನ ಆಪ್ತಸಮಾಲೋಚಕರು ಹೇಳಿಕೊಡುವುದೂ ಹೆಚ್ಚುಕಡಿಮೆ ಇದನ್ನೇ. ಇಸ್ತಾಂಬುಲಿನ ಗ್ರಂಥಾಲಯದಲ್ಲಿದ್ದ ಇದರ ಹಸ್ತಪ್ರತಿ 1984ರಲ್ಲಷ್ಟೇ ಮುದ್ರಿತ ರೂಪದಲ್ಲಿ ಹೊರಬಂತು.

ಇನ್ನು ನಮ್ಮ ನಾಡು. ಬೆಂಗಳೂರಿನ ಹುಚ್ಚಾಸ್ಪತ್ರೆಯ ಚರಿತ್ರೆ 1847ರಷ್ಟು ಹಿಂದಕ್ಕೆ ಹೋಗುತ್ತದೆ. ಆಗ ರೋಗಿಯನ್ನು ಕೂಡಿಹಾಕುವುದೇ ಮುಖ್ಯ ಕೆಲಸವಾಗಿತ್ತು. 1930ರ ದಶಕದಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆ ಹೊಸೂರು ರಸ್ತೆಯ ವಿಶಾಲ ಆವರಣಕ್ಕೆ ಬಂತು. ಡಾ. ಫ್ರಾಂಕ್ ನೊರೊನ್ಹಾ ಆಗ ಅದರ ಮುಖ್ಯಸ್ಥರು. ಮಿರ್ಜಾ ಎಂದರೆ ಬೃಂದಾವನ, ದೀಪ, ಕಾರಂಜಿ ಎನ್ನುವವರು ಈ ಆಸ್ಪತ್ರೆಯನ್ನೂ ನೆನೆಯಬೇಕಿತ್ತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಆರಂಭಿಸಿದ್ದವರು ಎಂ. ವಿ. ಗೋಪಾಲಸ್ವಾಮಿ, ಮನೆಯಲ್ಲೇ ರೇಡಿಯೋ ಕೇಂದ್ರ ಹೂಡಿದ 'ಆಕಾಶವಾಣಿ'ಯ ಗೋಪಾಲಸ್ವಾಮಿ ಇವರೇ. 1954ರಲ್ಲಿ ಆಸ್ಪತ್ರೆಯ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿ, ಮನೋವೈದ್ಯರ ಜೊತೆಗೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರ ತರಬೇತಿಯೂ ಶುರುವಾಯಿತು. ಮಾತಿನ ಮೂಲಕ ಚಿಕಿತ್ಸೆ ಬೇರೂರಿದ್ದು ಹೀಗೆ. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ಅಲ್ಲಿಂದ ಹಳ್ಳಿಯ ಕಡೆಗೆ ನಡೆದದ್ದು ನಿಧಾನ. 1970ರ ದಶಕದ ಸಕಲವಾರ, 1985ರ ಬಳ್ಳಾರಿ ಪ್ರಯೋಗ, ಅದನ್ನೇ ಮಾದರಿಯಾಗಿಟ್ಟುಕೊಂಡ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. ಇವೆಲ್ಲ ಎಲ್ಲ ವಯಸ್ಸಿನವರಿಗಾಗಿ ಇದ್ದವು. ಯುವಕರಿಗೆಂದೇ ರಾಜ್ಯ ಸರ್ಕಾರವೂ ನಿಮ್ಹಾನ್ಸೂ ಸೇರಿ 'ಯುವ ಸ್ಪಂದನ' ಆರಂಭಿಸಿದ್ದು 2010ರ ದಶಕದಲ್ಲಿ. ಜಿಲ್ಲಾ ಕ್ರೀಡಾಂಗಣದಲ್ಲಿ ಕೇಂದ್ರ ತೆರೆದು, 'ಯುವ ಪರಿವರ್ತಕ'ರೆಂಬ ತರಬೇತಿ ಪಡೆದ ಯುವಜನರನ್ನೇ ಅಲ್ಲಿ ಕೂರಿಸಿದರು. ಆಸ್ಪತ್ರೆಯ ಬದಲು ಕ್ರೀಡಾಂಗಣ! ಯಾರು ನೋಡಿಬಿಡುತ್ತಾರೋ ಎಂಬ ಅಂಜಿಕೆಗೆ ಇದಕ್ಕಿಂತ ಜಾಣ ಉತ್ತರವಿಲ್ಲ. ಓದು, ಉದ್ಯೋಗ, ಸಂಬಂಧಗಳು, ಎಲ್ಲವೂ ಅಲ್ಲಿ ಮಾತಿಗೆ ವಿಷಯ.

2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ, ತೀರ್ಮಾನಿಸುವ ಶಕ್ತಿಯಿರುವ 18 ತುಂಬಿದವರು ತಮ್ಮ ಚಿಕಿತ್ಸೆಯನ್ನು ತಾವೇ ನಿರ್ಧರಿಸಬಹುದು. ವೈದ್ಯರಲ್ಲಿ ಹೇಳಿದ್ದು ಗುಟ್ಟಾಗಿರಬೇಕೆಂಬ ಹಕ್ಕೂ ಅದರಲ್ಲಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ನ ಸಂಖ್ಯೆ 14416. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಎದುರು ಕುಳಿತೇ ಮಾತನಾಡಬೇಕೆನ್ನುವವರಿಗೆ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಗೆಜ್ಜಲಗೆರೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ.