‘ಸಧರ್ಮ’ ಶಬ್ದದ ಅರ್ಥವೂ ಪ್ರಯೋಗವೂ

ಗೋಕರ್ಣದ ಓಂ ಕಡಲತೀರದಿಂದ ತೆಂಕಣಕ್ಕೆ ಕುಮಟಾ, ಹೊನ್ನಾವರಗಳನ್ನು ದಾಟಿ ಭಟ್ಕಳದವರೆಗೆ ಹಬ್ಬಿದ ನಾಡು ಒಂದು ಕಾಲಕ್ಕೆ ಜೈನವಿದ್ಯೆಯ ನೆಲೆವೀಡಾಗಿತ್ತು. ಕ್ಷೇಮಪುರವೆನಿಸಿದ ಗೇರುಸೊಪ್ಪೆ, ಸಂಗೀತಪುರವೆನಿಸಿದ ಹಾಡುವಳ್ಳಿ ಇಲ್ಲಿಯವೇ. ಕ್ರಿ.ಶ. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಪೂರೈಸಿದ ಭಟ್ಟಾಕಳಂಕನು ಹಾಡುವಳ್ಳಿಯ ಗುರುಪರಂಪರೆಗೆ ಸೇರಿದವನು. ಇಲ್ಲಿಯ ಪರಂಪರೆಗಳನ್ನು ಪರಿಶೀಲಿಸುವವರಿಗೆ ಎದುರಾಗುವ ಮೊದಲ ತೊಡಕು ನಾಮಸಾಮ್ಯ. ಅಕಳಂಕ, ವಿದ್ಯಾನಂದ ಮೊದಲಾದ ಹೆಸರುಗಳು ಪ್ರಾಚೀನ ಆಚಾರ್ಯರಿಗೂ ಉಂಟು, ಹದಿನಾರನೆಯ ಶತಮಾನದವರಿಗೂ ಉಂಟು. ಹೆಸರು ನೆರವಾಗದಲ್ಲಿ ಸಂಬಂಧವಾಚಕ ಶಬ್ದವೇ ಆಧಾರ. ಅಂಥ ಶಬ್ದಗಳಲ್ಲಿ ‘ಸಧರ್ಮ’ ಎಂಬುದು ಒಂದು.

ಸಮಾನವಾದ ಧರ್ಮವುಳ್ಳವನು ಸಧರ್ಮ. ಇಂದು ‘ಸಾಧರ್ಮಿ’ ಎಂದರೆ ಒಂದೇ ಮತದವನೆಂದು ಮಾತ್ರ ಗ್ರಹಿಸುತ್ತೇವೆ. ಶಾಸನಗಳ ಗುರ್ವಾವಳಿಗಳಲ್ಲಿ ಇದರ ಅರ್ಥ ಹೆಚ್ಚು ನಿಯತವಾದುದು: ಮುನಿಸಂಘದೊಳಗೆ ಸಮಸ್ಥಾನದಲ್ಲಿದ್ದು ಜೊತೆಗೆ ಸಾಧನೆ ಮಾಡಿದವನು. ಶಿಷ್ಯಶಬ್ದವು ಪೀಳಿಗೆಯನ್ನು ಇಳಿಸುತ್ತದೆ. ಸಧರ್ಮಶಬ್ದವು ಅದೇ ಪೀಳಿಗೆಯಲ್ಲಿ ನಿಲ್ಲಿಸುತ್ತದೆ.

ಇದಕ್ಕೆ ನಿದರ್ಶನವನ್ನು ಶ್ರವಣಬೆಳ್ಗೊಳದಲ್ಲಿ ಕಾಣಬಹುದು. ದೇವಕೀರ್ತಿ ಪಂಡಿತರ ಸ್ಮಾರಕವಾದ ಕ್ರಿ.ಶ. 1163ರ ಶಾಸನವು ಪದ್ಮನಂದಿಯ ಶಿಷ್ಯ ಕುಲಭೂಷಣನನ್ನು ಹೇಳಿ, ತರ್ಕಗ್ರಂಥಕಾರ ಪ್ರಭಾಚಂದ್ರನನ್ನು ಆತನ ಸಧರ್ಮನೆಂದು ಕರೆಯುತ್ತದೆ. ‘ಪ್ರಮೇಯಕಮಲಮಾರ್ತಂಡ’ದ ಕರ್ತೃವಾದ ಪ್ರಭಾಚಂದ್ರನೂ ಪದ್ಮನಂದಿಯೇ ತನ್ನ ಗುರುವೆನ್ನುತ್ತಾನೆ. ಆದುದರಿಂದ ಇಲ್ಲಿ ಸಧರ್ಮನೆಂದರೆ ಏಕಗುರುವಿನ ಶಿಷ್ಯ.

ಆದರೆ ಸುಮಾರು ಕ್ರಿ.ಶ. 1100ರ, ಕತ್ತಲೆ ಬಸದಿಗೆ ಸಂಬಂಧಿಸಿದ ಶಾಸನದಲ್ಲಿ ಧಾರಾನಗರದ ಭೋಜನಿಂದ ಪೂಜಿತನಾದ ಪ್ರಭಾಚಂದ್ರನು ಗೋಪನಂದಿಯ ಸಧರ್ಮನೆನಿಸಿದ್ದಾನೆ. ಗೋಪನಂದಿಯ ಗುರು ಚತುರ್ಮುಖದೇವ. ಇಬ್ಬರು ಪ್ರಭಾಚಂದ್ರರೂ ಒಬ್ಬನೇ ಎಂಬ ವಿದ್ವಾಂಸರ ಮತವನ್ನು ಒಪ್ಪುವುದಾದರೆ, ಗುರು ಬೇರೆಯಾದರೂ ಸಂಘಕಾರ್ಯದಲ್ಲಿ ಸಹಚರರಾದವರಿಗೂ ಈ ಶಬ್ದ ಸಲ್ಲುತ್ತಿತ್ತೆಂದು ಒಪ್ಪಬೇಕಾಗುತ್ತದೆ. ಸಧರ್ಮನೆಂಬುದನ್ನು ಎಲ್ಲೆಡೆಯೂ ಗುರುಬಂಧುವೆಂದು ಅರ್ಥಮಾಡುವುದು ಉಚಿತವಲ್ಲ. ಶಿಷ್ಯನೆಂದು ಮಾಡುವುದಂತೂ ಸರ್ವಥಾ ದೋಷ. ಹಾಗೆ ಮಾಡಿದರೆ ಇಲ್ಲದ ಒಂದು ಪೀಳಿಗೆ ಹುಟ್ಟಿ, ಗ್ರಂಥಕರ್ತನ ಕಾಲವೇ ಹಿಂದುಮುಂದಾಗುತ್ತದೆ.

ಈ ಶಬ್ದದ ಹಿಂದೆ ಒಂದು ಆಚಾರವೂ ಇದೆ. ಸಮಂತಭದ್ರಸ್ವಾಮಿಗಳು ‘ರತ್ನಕರಂಡಕ’ದಲ್ಲಿ ಸಮ್ಯಗ್ದರ್ಶನದ ಅಂಗವಾದ ವಾತ್ಸಲ್ಯವನ್ನು ನಿರೂಪಿಸುವಾಗ, ತನ್ನ ಯೂಥದವರಲ್ಲಿ ಕಪಟವಿಲ್ಲದೆ ಯಥಾಯೋಗ್ಯವಾಗಿ ನಡೆದುಕೊಳ್ಳುವುದೆಂದಿದ್ದಾರೆ. ಶಾಸನಕವಿಗಳು ಒಬ್ಬ ಆಚಾರ್ಯನ ಪ್ರಶಂಸೆಯ ನಡುವೆ ಅವನ ಸಧರ್ಮರನ್ನೂ ಬಿಡದೆ ಹೊಗಳಿದುದು ಆ ವಾತ್ಸಲ್ಯದ ಫಲವೆಂದೇ ನನ್ನ ಭಾವನೆ.

ಹಾಡುವಳ್ಳಿ, ಗೇರುಸೊಪ್ಪೆಗಳ ಪರಂಪರೆಗೆ ಸೇರಿದ ತಾಡವೋಲೆಗಳ ಸೂಚಿಯನ್ನು ಸಿದ್ಧಪಡಿಸುವವರಲ್ಲಿ ಒಂದು ವಿಜ್ಞಾಪನೆ. ಪ್ರಶಸ್ತಿಭಾಗವನ್ನು ಸಂಗ್ರಹಿಸುವಾಗ ಹೆಸರುಗಳನ್ನಷ್ಟೇ ಎತ್ತಿಕೊಳ್ಳದೆ, ಅವುಗಳ ನಡುವಣ ಸಂಬಂಧವಾಚಕವನ್ನು ಮೂಲದಲ್ಲಿದ್ದಂತೆಯೇ ಬರೆದುಕೊಳ್ಳಬೇಕು. ಓಲೆ ಶಿಥಿಲವಾದ ಮೇಲೆ ಸೂಚಿಯೇ ಪ್ರಮಾಣವಾಗುತ್ತದೆ. ಅಲ್ಲಿ ಬಿಟ್ಟುಹೋದ ಸಧರ್ಮನು ಮತ್ತೆ ದೊರೆಯಲಾರನು.