ವಜಾ ಆದವರು ಎಲ್ಲಿಗೆ ಹೋದರು?

ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಈಗ ಬರೀ ಒಂದು ಹೋಬಳಿ. ಒಂದು ಕಾಲಕ್ಕೆ ಪಾಳೆಯಗಾರರ ರಾಜಧಾನಿ. ಚಿಕ್ಕನಾಯಕನಹಳ್ಳಿಗೆ ಆ ಹೆಸರು ಬಂದದ್ದೇ ಈ ಮನೆತನದ ಒಬ್ಬ ನಾಯಕನಿಂದ. ಪಾಳೆಯಗಾರನೂ ಒಂದರ್ಥದಲ್ಲಿ ನೌಕರನೇ: ಮೇಲಿನ ದೊರೆಗೆ ಕಪ್ಪ ಕಟ್ಟಬೇಕು, ಕರೆದಾಗ ಆಳು ಕರ್ಕೊಂಡು ಯುದ್ಧಕ್ಕೆ ಹೋಗಬೇಕು. 18ನೇ ಶತಮಾನದಲ್ಲಿ ಮೈಸೂರು ಇಂಥ ಪಾಳೆಯಪಟ್ಟುಗಳನ್ನು ನುಂಗಿ ಹಾಕಿತು. ನಾಯಕರ ಕಥೆ ಹೇಳೋರು ಊರಲ್ಲಿ ಇದಾರೆ. ಅವರ ಹಿಂದೆ ನಿಂತಿದ್ದ ಆಳುಗಳು ಮಾರನೇ ದಿನ ಯಾರ ಬಾಗಿಲಿಗೆ ಹೋದರು ಅಂತ ಯಾರೂ ಕೇಳಲ್ಲ.

ಆಳುಗಳ ಪಾಡು ಏನಾಗ್ತಿತ್ತು ಅನ್ನೋದು 1799ರಲ್ಲಿ ಕಾಣುತ್ತೆ. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಸೈನ್ಯಕ್ಕೆ ಕೆಲಸವಿಲ್ಲ. ಹೈದರ್ ಕಾಲದಿಂದ ಲೆಕ್ಕ ನೋಡ್ತಿದ್ದ ಪೂರ್ಣಯ್ಯನವರು ಮಾತ್ರ ಹೊಸ ಸರ್ಕಾರದಲ್ಲೂ ದಿವಾನರಾದರು. ಅವರ ಅನುಭವ ಬ್ರಿಟಿಷರಿಗೆ ಬೇಕಿತ್ತು, ಹಳೇ ಯಜಮಾನ ಯಾರು ಅಂತ ನೋಡಲಿಲ್ಲ. ಕುದುರೆ ಸವಾರನಿಗೆ ಆ ಅದೃಷ್ಟ ಇರಲಿಲ್ಲ. ಸೆರೆಯಿಂದ ಹೊರಬಂದ ಧೋಂಡಿಯಾ ವಾಘ್ ಸುತ್ತ ಸೇರಿದವರಲ್ಲಿ ಹೀಗೆ ಕೆಲಸ ಕಳೆದುಕೊಂಡ ಸಿಪಾಯಿಗಳೇ ಬಹಳ. 1800ರ ಸೆಪ್ಟೆಂಬರ್ 10ಕ್ಕೆ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಅವನನ್ನು ಕೊಂದಿತು. ನಾವು ಅದನ್ನ ದಂಗೆ ಅಂತಲೇ ಓದ್ತೀವಿ. ನನಗೆ ಅದರಲ್ಲಿ ಅರ್ಧ ನಿರುದ್ಯೋಗ ಕಾಣುತ್ತೆ.

ಆದರೆ ಕರ್ನಾಟಕದ ಅತಿ ದೊಡ್ಡ ಟರ್ಮಿನೇಶನ್ ಯಾವುದು ಅಂದ್ರೆ, ನನ್ನ ಪ್ರಕಾರ, ಮುಮ್ಮಡಿ ಕೃಷ್ಣರಾಜ ಒಡೆಯರದ್ದು. 1830ರಲ್ಲಿ ನಗರದ ರೈತರು ಎದ್ದರು. ಅದನ್ನೇ ನೆಪ ಮಾಡಿ ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಆಡಳಿತ ಕಿತ್ತುಕೊಂಡ. ವಿಚಾರಣಾ ಸಮಿತಿ ಬಂದದ್ದು ಆಮೇಲೆ! 1833ರ ಕೊನೆಗೆ ಅದು ವರದಿ ಕೊಟ್ಟಿತು: ಮಹಾರಾಜರ ಮೇಲಿನ ದೂರುಗಳಲ್ಲಿ ಬಹಳಷ್ಟು ಉತ್ಪ್ರೇಕ್ಷೆ. ರಾಜ್ಯದ ಒಂದು ಭಾಗವನ್ನಾದರೂ ವಾಪಸ್ ಕೊಡೋಣ ಅಂತ ಸ್ವತಃ ಬೆಂಟಿಂಕ್ ಪ್ರಸ್ತಾಪ ಕಳಿಸಿದ. ಲಂಡನ್ನಿನ ಕಂಪನಿ ನಿರ್ದೇಶಕರು ಒಪ್ಪಲಿಲ್ಲ. ಒಮ್ಮೆ ತೆಗೆದವರನ್ನು ಮತ್ತೆ ಕೂರಿಸಿದರೆ ತೆಗೆದದ್ದೇ ತಪ್ಪು ಅಂತಾಗುತ್ತಲ್ಲ. (ಈ ತರ್ಕ ಯಾವ ಆಫೀಸಲ್ಲಿ ಇಲ್ಲ ಹೇಳಿ.)

ಅಧಿಕಾರ ಹೋದಾಗ ಅವರಿಗೆ 37 ವರ್ಷ. 1868ರಲ್ಲಿ ತೀರಿಕೊಳ್ಳುವವರೆಗೆ ಸುಮಾರು ಅಷ್ಟೇ ವರ್ಷ ಕಾದರು, ಪತ್ರದ ಮೇಲೆ ಪತ್ರ ಬರೆಸಿದರು. ವರ್ಷಕ್ಕೆ 1 ಲಕ್ಷ ವರಹ, ಜೊತೆಗೆ ಕಂದಾಯದ ಐದನೇ ಒಂದು ಪಾಲು ಸಿಗ್ತಿತ್ತು. ಹಾಗಾಗಿ ಅರಮನೆ ನಡೀತು. ಕುರ್ಚಿ ಬಂದದ್ದು ದತ್ತುಮಗ ಚಾಮರಾಜೇಂದ್ರರಿಗೆ, 1881ರಲ್ಲಿ.

'ವಜಾ' ಅನ್ನೋ ಪದ ನಮ್ಮಲ್ಲಿ ಲೆಕ್ಕದಲ್ಲೂ ಇದೆ. ಜಮಾದಿಂದ ಕಳೆಯೋದು ವಜಾ. ಕಳೆದ ಮೇಲೆ ಮತ್ತೆ ಕೂಡಬಹುದಾ? ಕರ್ನಾಟಕ ಸರ್ಕಾರದ 1957ರ ಶಿಸ್ತು ನಿಯಮಗಳು ಇದಕ್ಕೆ ಉತ್ತರ ಕೊಡ್ತವೆ. 8ನೇ ನಿಯಮದಲ್ಲಿ ಎರಡು ಬೇರೆ ಬೇರೆ ಶಿಕ್ಷೆ ಇವೆ. ಒಂದು ಸೇವೆಯಿಂದ ತೆಗೆದುಹಾಕೋದು: ಇದು ಮುಂದಿನ ನೌಕರಿಗೆ ಅಡ್ಡಿಯಲ್ಲ. ಇನ್ನೊಂದು ವಜಾ: ಇದು ಸಾಮಾನ್ಯವಾಗಿ ಅಡ್ಡಿ. ಕೆಲಸ ಎರಡರಲ್ಲೂ ಹೋಗುತ್ತೆ, ಆದರೆ ಒಂದರಲ್ಲಿ ಬಾಗಿಲು ತೆರೆದೇ ಇರುತ್ತೆ. ಕಾರ್ಖಾನೆ ಕಾರ್ಮಿಕರಿಗೂ 1947ರ ಕೈಗಾರಿಕಾ ವಿವಾದ ಕಾಯ್ದೆ ಇದೇ ಥರ ದಾರಿ ಇಟ್ಟಿತ್ತು: ರಿಟ್ರೆಂಚ್‌ಮೆಂಟ್ ಆದವರಿಗೆ, ಮಾಲೀಕ ಮತ್ತೆ ಆಳು ತಗೊಳ್ಳೋವಾಗ, ಮೊದಲ ಅವಕಾಶ ಕೊಡಬೇಕು.

ನಮ್ಮ ಐಟಿ ಫಾರ್ಮಲ್ಲಿ ಈ ವ್ಯತ್ಯಾಸಕ್ಕೆ ಜಾಗವೇ ಇಲ್ಲ. 'ಹಿಂದೆ ಎಂದಾದರೂ ಟರ್ಮಿನೇಟ್ ಆಗಿದ್ದೀರಾ? ಹೌದು/ಇಲ್ಲ.' ಪ್ರಾಜೆಕ್ಟ್ ಮುಚ್ಚಿ ಇಡೀ ಟೀಮನ್ನು ಕಳಿಸಿದ್ದಕ್ಕೂ, ಕದ್ದು ಸಿಕ್ಕಿಬಿದ್ದಿದ್ದಕ್ಕೂ ಅದೇ 'ಹೌದು'. ಈಚೆಗೆ ಒಂದು ಇಂಟರ್ವ್ಯೂ ಪ್ಯಾನೆಲ್‌ನಲ್ಲಿ ಕೂತಿದ್ದೆ. ತಿಪಟೂರು ಕಡೆಯ ಹುಡುಗಿ, ಮೂರೂ ರೌಂಡಲ್ಲಿ ಚೆನ್ನಾಗಿ ಮಾಡಿದಳು. ಹಿಂದಿನ ಕಂಪನಿ ಅವಳ ಇಡೀ ಟೀಮನ್ನೇ ತೆಗೆದಿತ್ತು. ಪ್ರಾಮಾಣಿಕವಾಗಿ 'ಹೌದು' ಅಂತ ಟಿಕ್ ಮಾಡಿದ್ದಳು. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಕೆಂಪು ಬಂತು. ಕಾರಣ ಏನು ಅಂತ ಹಳೇ ಕಂಪನಿಯಿಂದ ಒಂದು ಸಾಲು ಬರೆಸಿಕೊಳ್ಳಿ ಅಂತ ಎಚ್‌ಆರ್‌ಗೆ ಎರಡು ಸಲ ಮೇಲ್ ಹಾಕಿದೀನಿ. ಫೈಲು ಇನ್ನೂ ಅಲ್ಲೇ ಇದೆ.