ಪೊಟ್ಟಣ

ಅಂಗಡಿಯವನು ಕಾಗದದಲ್ಲಿ ಸುತ್ತಿ, ನೂಲು ಬಿಗಿದು ಕೊಡುವ ಸಣ್ಣ ಕಟ್ಟೇ ಪೊಟ್ಟಣ. ತಮಿಳಿನ ಪೊಟ್ಟಲಂ, ತೆಲುಗಿನ ಪೊಟ್ಲಂ ಇದರ ದಾಯಾದಿಗಳು. ಲಿನಕ್ಸ್ ಸರ್ವರಿನ ‘ಪ್ಯಾಕೇಜ್’ಗೂ ಇದೇ ಪದ ಸಲ್ಲುತ್ತದೆ ಎಂಬುದು ನನ್ನ ವಾದ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಒಂದು ಪೊಟ್ಟಣದಲ್ಲಿ ತಂತ್ರಾಂಶದ ಜೊತೆಗೆ ಅದರ ಆವೃತ್ತಿ, ಅದು ನೆಚ್ಚಿಕೊಂಡಿರುವ ಬೇರೆ ಪೊಟ್ಟಣಗಳ ಪಟ್ಟಿ, ಸ್ಥಾಪಿಸುವಾಗ ಓಡಬೇಕಾದ ಆದೇಶಗಳು ಎಲ್ಲವೂ ಒಟ್ಟಿಗೆ ಕಟ್ಟಿರುತ್ತವೆ. ಯಾವ ಕಡತ ಎಲ್ಲಿ ಕೂತಿದೆ ಎಂಬ ಲೆಕ್ಕ ಪೊಟ್ಟಣಗಳನ್ನು ನಿರ್ವಹಿಸುವ ಡಿಪಿಕೆಜಿ ಬಳಿ ಇರುತ್ತದೆ. ಸೋರ್ಸ್ ಕೋಡ್ ತಂದು ‘ಮೇಕ್ ಇನ್‌ಸ್ಟಾಲ್’ ಎಂದರೆ ಕಡತಗಳು ಸಾಮಾನ್ಯವಾಗಿ ಯುಎಸ್‌ಆರ್-ಲೋಕಲ್ ಅಡಿ ಹೋಗಿ ಸೇರುತ್ತವೆ, ಲೆಕ್ಕ ಇಡುವವರು ಯಾರೂ ಇಲ್ಲ.

ಪೊಟ್ಟಣದಲ್ಲಿರುವುದು ಹಳೆಯ ಸರಕು ಎಂಬ ಆಕ್ಷೇಪವಿದೆ. ಡೆಬಿಯನ್‌ನ ಸ್ಥಿರ ಆವೃತ್ತಿಯಲ್ಲಿ ಎಂಜಿನ್‌ಎಕ್ಸ್ ವೆಬ್ ಸರ್ವರ್ ಹಳೆಯದಿರಬಹುದು, ನಿಜ. ಆದರೆ ಭದ್ರತೆಯ ತಿದ್ದುಪಡಿಗಳನ್ನು ಆ ಹಳೆಯದಕ್ಕೇ ಹೊಲಿದು ಕೊಡುತ್ತಾರೆ. ಆವೃತ್ತಿ ಸಂಖ್ಯೆ ನೋಡಿ ಮೂಗು ಮುರಿಯುವುದು ಸರಿಯಲ್ಲ. ಸೋರ್ಸ್‌ನಿಂದ ಕಟ್ಟಬಲ್ಲವರೂ ಪೊಟ್ಟಣ ನೆಚ್ಚುವುದು ಪಂಚಾಂಗ ಇಟ್ಟುಕೊಂಡಂತೆ. ಸಿದ್ಧಾಂತ ಗ್ರಂಥ ಹಿಡಿದು ತಿಥಿ, ನಕ್ಷತ್ರ ಗಣಿಸಬಲ್ಲವರ ಮನೆಯ ಗೂಡಿನಲ್ಲೂ ಮೈಸೂರಿನ ಒಂಟಿಕೊಪ್ಪಲ್ ಪಂಚಾಂಗ ಇರಬಹುದು. ಗಣಿತ ಬಾರದೆಂದಲ್ಲ, ವರ್ಷವಿಡೀ ಗಣಿಸುತ್ತ ಕೂರುವುದು ಬೇರೆಯದೇ ಉದ್ಯೋಗ. ಪೊಟ್ಟಣದಲ್ಲಿ ಸಿಗದ ಮಾಡ್ಯೂಲ್ ಬೇಕೇ ಬೇಕೆಂದರೆ ಸೋರ್ಸ್‌ನಿಂದಲೇ ಕಟ್ಟಿಕೊಳ್ಳಿ. ಆದರೆ ಅದನ್ನೂ ಒಂದು ಪೊಟ್ಟಣ ಮಾಡಿಯೇ ಸರ್ವರ್‌ಗೆ ಹಾಕಿ.